ಕುದ್ರಿ ಮಾರಾವ್ರು, ಕುದ್ರಿ ಸಾಕಾವ್ರು

ನಮ್ಮ ಅಮೀನಗಡಕ್ಕ ಬಂದಾವ್ರು ಕರದಂಟು ಕಟ್ಟಿಸ್ಕೊಂಡು ಐಹೊಳಿ ಗುಡಿ ನೋಡಾಕ ಹೊಕ್ಕಾರ. ಆದ್ರ ಐಹೊಳಿ ಹೆಸರು ಹೊತ್ತ ವರ್ತಕರು ಕುದ್ರಿ ವ್ಯಾಪಾರಾನೂ ಮಾಡ್ತಿದ್ರು ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. "ಅಯ್ಯಾವೊಳೆ ಐನೂರ್ವರು" ಅಂತ ಅವರ ಸಂಘದ ಹೆಸರು. ಶಿಕಾರಿಪುರ ಸೀಮಿಯ 1054ರ ಶಾಸನದಾಗ ಅವರು ಮಾರೂ ಸರಕಿನ ಪಟ್ಟಿ ಐತಿ: ಆನಿ, ಒಳ್ಳೆ ಜಾತಿ ಕುದ್ರಿ, ರತ್ನ, ಯಾಲಕ್ಕಿ, ಲವಂಗ, ಗಂಧ, ಕರ್ಪೂರ.

ಕುದ್ರಿ ನಮ್ಮ ಸೀಮಿಯೊಳಗೂ ಇದ್ದೂ. ಭೀಮಾ ನದಿ ದಂಡಿಯ ಭೀಮಥಡಿ ಕುದ್ರಿ ಮೈಯಿಂದ ಸಣ್ಣದು, ಆದ್ರ ಗಟ್ಟಿ, ದೂರದ ದಾರಿ ತಡಕೊಂತೈತಿ. ರಾಜರಿಗೆ ಮಾತ್ರ ಅರಬ್ಬಿ, ಪರ್ಶಿಯಾ ಕುದ್ರೀನ ಬೇಕು. ಅವು ಹಡಗಿನ್ಯಾಗ ಬರ್ತಿದ್ದೂ. ವಿಜಯನಗರದ ಅರಸ ವರ್ಷಕ್ಕ 13,000 ಕುದ್ರಿ ಕೊಳ್ತಾನ ಅಂತ 16ನೇ ಶತಮಾನದ ಪೋರ್ಚುಗೀಸ ನೂನಿಜ್ ಬರದಾನ.

ಇಷ್ಟ್ಯಾಕ ಕೊಳ್ಳೂದು? ದಂಡಿಗೆ ಬೇಕಾದ್ದು ಒಂದು ಕಾರಣ. ಇನ್ನೊಂದು ಕಾರಣ ಮಾರ್ಕೊ ಪೋಲೊ ಹೇಳ್ಯಾನ. 13ನೇ ಶತಮಾನದ ಕೊನೀಗೆ ತಮಿಳು ಸೀಮಿ ನೋಡಿದಾಂವ, ಅಲ್ಲಿ ಸಾವಿರಾರು ಕುದ್ರಿ ತಂದ್ರೂ ಆರೈಕಿ ಗೊತ್ತಿಲ್ಲದ ವರ್ಷದಾಗ ನೂರೂ ಉಳ್ಯಾಂಗಿಲ್ಲ ಅಂತಾನ. ಮಾರಾವ್ರು ಕುದ್ರಿ ವೈದ್ಯರನ್ನ ಅತ್ತಾಗ ಬರಗೊಡಾಂಗಿಲ್ಲ, ಸತ್ತಷ್ಟೂ ಅವರಿಗೆ ಲಾಭ ಅಂತಾನ.

ನಮ್ಮ ಕಡೆ ಆ ವಿದ್ಯಾ ಬರದಿಟ್ಟಾವ್ರು ಇದ್ರು. ಕಲ್ಯಾಣದ ಚಾಲುಕ್ಯ ಅರಸ 3ನೇ ಸೋಮೇಶ್ವರ 12ನೇ ಶತಮಾನದಾಗ ಸಂಸ್ಕೃತದ ಮಾನಸೋಲ್ಲಾಸದೊಳಗ ಕುದ್ರಿ ವಿಷಯ ಬರದ. ಸುಮಾರು 1400ರಾಗ ಅಭಿನವಚಂದ್ರ ಕನ್ನಡದಾಗನ ಅಶ್ವವೈದ್ಯ ಬರದ.

ನಮ್ಮಪ್ಪ ಇದ್ಯಾವದೂ ಓದಿದಾಂವ ಅಲ್ಲ. ಹಳೇ ಬಾಗಲಕೋಟ್ಯಾಗ ಟಾಂಗಾ ಹೊಡೀತಿದ್ದ. ನಮ್ಮ ಓಣಿ ಈಗ ಆಲಮಟ್ಟಿ ಹಿನ್ನೀರಿನ್ಯಾಗ ಮುಳಗೇತಿ. ನಸುಕಿನ್ಯಾಗ ಎದ್ದು ಒಣಾ ಹುಲ್ಲಿನ ಸಿಂಬಿಲೆ ಕುದ್ರಿ ಮೈ ತಿಕ್ಕಾಂವ. "ತಿಕ್ಕೂದು ಹೊಳಪಿಗಷ್ಟ ಅಲ್ಲವಾ, ಎಲ್ಲಿ ಬಾವು ಐತಿ, ಎಲ್ಲಿ ಬಿಸಿ ಐತಿ ಕೈಗೆ ಹತ್ತತೈತಿ" ಅಂತಿದ್ದ. ಆಮ್ಯಾಲ ಒಂದೊಂದ ಕಾಲು ಎತ್ತಿ ಗೊರಸಿನ್ಯಾಗಿನ ಹಳ್ಳು ತಗದು ಲಾಳ ಅಲಗ್ಯಾಡಿಸಿ ನೋಡಾಂವ. ಅವ್ವ ಹುರಳಿ ಕುದಿಸಾಕಿ. ಕಾಳು ಕುದ್ರಿಗೆ, ಕಟ್ಟು ನಮ್ಮ ಸಾರಿಗೆ. ಕಾಳು ಅಳತಿ ಮಾಡೇ ಹಾಕಾಕಿ, ಯಾಕಂದ್ರ ಕಾಳು ಹೆಚ್ಚಾದ್ರ ಗೊರಸು ಕಾದು ಕುದ್ರಿ ಹೆಜ್ಜಿ ಇಡಾಂಗಿಲ್ಲ.

ಅಕ್ಕನ ಮದಿವಿ ವರ್ಷ ಕುದ್ರಿ ಮುಂಗಾಲಿನ ಮೊಣಕಾಲು ಬಾತು. ನೋಯೂ ಕಾಲು ಊರಿದ ಕೂಡ್ಲೆ ತಲಿ ಮ್ಯಾಲೆತ್ತತಿತ್ತು. ಮುಂಗಾಲು ಕುಂಟೂ ಕುದ್ರಿ ಗುರ್ತು ಅದ. ತಣ್ಣೀರ ಪಟ್ಟಿ ಹಾಕಿ ನಿಲ್ಲಿಸಬೇಕಿತ್ತು. ಕುದ್ರಿ ಮಾರಿದ ದಲಾಲಿಗೆ ಕೇಳಿದ್ರ, "ಏನೂ ಆಗಿಲ್ಲ, ಓಡಸು, ಸಡಲ ಆಕೈತಿ" ಅಂದ. ಮದಿವಿ ಸಾಲ ತಲೀ ಮ್ಯಾಲಿತ್ತು, ಅಪ್ಪ ಹೂಡಿದ. ಡಾಂಬರ ರಸ್ತಾದ ಪೆಟ್ಟೆಲ್ಲಾ ಆ ಕೀಲಿಗೇ ಬಿತ್ತು. ತಿಂಗಳ ತುಂಬೂದ್ರಾಗ ಕುದ್ರಿ ಆ ಕಾಲು ನೆಲಕ್ಕ ಊರೂದ ಬಿಡ್ತು, ಟಾಂಗಾಕ್ಕ ಮತ್ತ ಬರಲಿಲ್ಲ. ಅದ ದಲಾಲಿ ಅಪ್ಪಗ ಇನ್ನೊಂದು ಕುದ್ರಿ ಉದ್ರಿ ಕೊಟ್ಟ.

ಮಾರ್ಕೊ ಪೋಲೊನ ಮಾತು ಓದಿದಾಗ ನನಗ ನೆನಪಾದಾಂವ ಆ ದಲಾಲಿ. ಅಪ್ಪ ಮಾತ್ರ ಕಡೀತನಕ ಅವನನ್ನ ಬೈಲಿಲ್ಲ. "ಅಂವ ಮಾರಾಂವ, ಅವನ ಮಾತು ಹಂಗ ಇರತೈತಿ. ಮೊಣಕಾಲು ಬಿಸಿ ಇದ್ದದ್ದು ದಿನಾ ನನ್ನ ಕೈಗೆ ಹತ್ತತಿತ್ತು" ಅಂತಿದ್ದ. ಹೊಸಾ ಕುದ್ರಿ ಬಂದ ಮ್ಯಾಲ, ನಾಕೂ ಕಾಲು ಮುಟ್ಟಿ ನೋಡದ ಒಂದಿನಾನೂ ಟಾಂಗಾ ಹೂಡಲಿಲ್ಲ.