ಖಿನ್ನತೆಯ ಮಾತ್ರೆ: ಅರ್ಧಕ್ಕೇ ಬಿಡೋದು ಬೇಡ, ಮನೆಯವರ ಗಮನ ಇರಲಿ

‘ಈ ಮಾತ್ರೆ ವರ್ಷಗಟ್ಟಲೆ ನುಂಗಿದ್ರೆ ಸಾಯೋ ಯೋಚನೆ ಬರುತ್ತಂತೆ’ ಎಂಬ ಮಾತು ಕೇಳಿ ಖಿನ್ನತೆಯ ಔಷಧಿ ಬಿಟ್ಟುಬಿಡುವವರಿದ್ದಾರೆ. ಇದರಲ್ಲಿ ನಿಜ ಎಷ್ಟು?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 2004ರಲ್ಲಿ ಮಕ್ಕಳು ಹಾಗೂ ಹದಿಹರೆಯದವರ ಬಗ್ಗೆ ಎಚ್ಚರಿಕೆ ನೀಡಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಪ್ರಯೋಗಗಳಲ್ಲಿ ಈ ವಯಸ್ಸಿನ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಿದ್ದೇ ಕಾರಣ. 24 ದಾಟಿದವರಲ್ಲಿ ಹಾಗೆ ಹೆಚ್ಚಿರಲಿಲ್ಲ. 65 ದಾಟಿದವರಲ್ಲಿ ಕಡಿಮೆಯೇ ಆಗಿತ್ತು. ಅವು ಕೆಲವೇ ವಾರ, ತಿಂಗಳುಗಳ ಪ್ರಯೋಗಗಳು. ವರ್ಷಗಟ್ಟಲೆ ನುಂಗಿದವರ ಲೆಕ್ಕವಲ್ಲ. ಇನ್ನು ಚಿಕಿತ್ಸೆಯೇ ಇಲ್ಲದ ಖಿನ್ನತೆ ತಾನಾಗಿಯೇ ಜೀವಕ್ಕೆ ಅಪಾಯ.

ಯಾವಾಗ ಎಚ್ಚರ? ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಅಷ್ಟರಲ್ಲಿ ಚಡಪಡಿಕೆ, ನಿದ್ದೆಗೇಡು, ವಿಪರೀತ ಸಿಟ್ಟು, ಸಾವಿನ ಮಾತು ಕಂಡರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ಅಂಥವರನ್ನು ಒಂಟಿಯಾಗಿ ಬಿಡಬಾರದು. ಮಾತ್ರೆಗಳು ಮನೆಯವರ ಕೈಯಲ್ಲಿರಲಿ.

ಎಷ್ಟು ದಿನ? ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ಖಿನ್ನತೆ ಮರುಕಳಿಸಿದವರಿಗೆ ಇನ್ನೂ ಹೆಚ್ಚು. ‘ಈಗ ಆರಾಮಿದೀನಿ’ ಅಂತ ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಕಳವಳ ಶುರುವಾಗಬಹುದು, ಕಾಯಿಲೆಯೂ ಮರಳಬಹುದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ಮಾತ್ರೆ ಕೊಳ್ಳುವುದೂ ಸರಿಯಲ್ಲ.

ಸಹಾಯಕ್ಕೆ: ಟೆಲಿ ಮಾನಸ್ 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು.