ಒಕ್ಕದ ಗಡಿ ದಾಟಿದ ಕೂಟ: ಯೆಹೂದಿ ಮಹಿಳಾ ಮಂಡಳಿಗಳ ಬೆಳಕಿನಲ್ಲಿ ಕೊಡವ ಪೊಮ್ಮಕ್ಕಡ ಸಂಘಟನೆ

ಕೊಡವ ಸಮಾಜವನ್ನು ಕುರಿತ ಅಧ್ಯಯನಗಳು ಹೆಚ್ಚುಕಡಿಮೆ ಒಕ್ಕದಿಂದಲೇ ಶುರುವಾಗುತ್ತವೆ. ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ, ಕೊಡಗಿನ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ ಹಾಕಿಕೊಟ್ಟ ಮೇಲ್ಪಂಕ್ತಿ ಅದು: ಒಬ್ಬ ಮೂಲಪುರುಷನ ಗಂಡು ಸಂತತಿ, ಅದಕ್ಕೊಂದು ಪೂರ್ವಿಕರ ಮನೆಯಾದ ಐನ್‌ಮನೆ, ಕಾರಣವರಿಗೆ (ಪೂರ್ವಜರಿಗೆ) ಮೀದಿ ಎಂಬ ಎಡೆ, ಒಕ್ಕಕ್ಕೆ ಸೇರಿದ ಜಮ್ಮ ಭೂಮಿ. ಈ ಚೌಕಟ್ಟು ಸರಿಯಾದದ್ದೇ. ಆದರೆ ಇದರಲ್ಲಿ ಒಂದು ಸಂಸ್ಥೆಗೆ ಜಾಗವೇ ಸಿಕ್ಕಿಲ್ಲ. ಮಡಿಕೇರಿ, ಪೊನ್ನಂಪೇಟೆ ಮುಂತಾದ ಊರುಗಳಲ್ಲಿ ಪೊಮ್ಮಕ್ಕಡ ಕೂಟ, ಪೊಮ್ಮಕ್ಕಡ ಪರಿಷತ್ತು ಎಂಬ ಹೆಸರುಗಳಲ್ಲಿ ಕೊಡವ ಹೆಣ್ಣುಮಕ್ಕಳು ಕಟ್ಟಿಕೊಂಡಿರುವ ಸಂಘಟನೆಗಳನ್ನು ಸಂಶೋಧಕರು ಹಬ್ಬದ ಅಲಂಕಾರವೆಂದೋ ನಗರಜೀವನ ತಂದ ಹವ್ಯಾಸವೆಂದೋ ಬದಿಗಿಟ್ಟಿದ್ದಾರೆ. ಈ ಲೇಖನದ ವಾದ ಅದಕ್ಕೆ ಎದುರಾದದ್ದು. ಮದುವೆಯಿಂದ ಬೇರೆಬೇರೆ ಒಕ್ಕಗಳಿಗೆ ಹಂಚಿಹೋದ ಹೆಣ್ಣುಮಕ್ಕಳು ನಿಯಮಿತವಾಗಿ, ಯಾವ ಒಕ್ಕದ ಕಾರ್ಯಕ್ಕೂ ಅಧೀನರಾಗದೆ ಒಟ್ಟು ಸೇರುವ ಸಂಸ್ಥೆ ಕೊಡವರಲ್ಲಿ ಹಿಂದೆ ಇರಲಿಲ್ಲ; ಪೊಮ್ಮಕ್ಕಡ ಕೂಟ ಆ ಕೊರತೆಯನ್ನು ತುಂಬಿತು. ಇದನ್ನು ಸ್ಪಷ್ಟವಾಗಿ ಕಾಣಲು ಇನ್ನೊಂದು ಚಿಕ್ಕ, ವಂಶಪ್ರಜ್ಞೆ ಗಾಢವಾಗಿರುವ ಸಮುದಾಯವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಯೆಹೂದಿ ಮಹಿಳಾ ಮಂಡಳಿಗಳ ಚರಿತ್ರೆಯನ್ನು ಇಲ್ಲಿಗೆ ತರುತ್ತಿರುವುದು ಆ ಕಾರಣಕ್ಕೆ.

ಮೊದಲು ಮದುವೆಯ ವಿಧಿಯೊಂದನ್ನು ಹತ್ತಿರದಿಂದ ನೋಡಬೇಕು. ಕೊಡವ ಮದುವೆಯಲ್ಲಿ ಮಂತ್ರ ಹೇಳಿಸುವ ಪುರೋಹಿತನಿಲ್ಲ. ಎರಡೂ ಕಡೆಯ ವಕ್ತಾರರಾದ ಅರುವರು ಎದುರುಬದುರು ನಿಂತು ಪ್ರಶ್ನೋತ್ತರದ ಮೂಲಕ ಸಂಬಂಧವನ್ನು ಇತ್ಯರ್ಥ ಮಾಡುತ್ತಾರೆ. ಹೆಣ್ಣಿಗೆ ಗಂಡನ ಒಕ್ಕದಲ್ಲಿ ಮನೆ, ಗದ್ದೆ, ದನಕರು, ಪಾತ್ರೆಪಡಗಗಳ ಮೇಲೆ ಹಕ್ಕುಂಟೆ ಎಂದು ಒಬ್ಬರು ಕೇಳುತ್ತಾರೆ, ಉಂಟು ಎಂದು ಮತ್ತೊಬ್ಬರು ಒಪ್ಪುತ್ತಾರೆ. ಹಕ್ಕುಗಳ ಗುರುತಾಗಿ ಹನ್ನೆರಡು ಹರಳುಗಳ ಲೆಕ್ಕ; ಅದರಲ್ಲಿ ಹನ್ನೊಂದು ಕೈ ಬದಲಾಗುತ್ತವೆ, ಒಂದು ಉಳಿಯುತ್ತದೆ. ತಾಮನೆಯೊಂದಿಗೆ, ಅಂದರೆ ಹುಟ್ಟಿದ ಒಕ್ಕದೊಂದಿಗೆ, ಹೆಣ್ಣಿನ ನಂಟು ಪೂರ್ತಿ ಹರಿದುಹೋಗಿಲ್ಲ, ಗಂಡನ ಮನೆಯಲ್ಲಿ ಬಾಳು ಕೆಟ್ಟರೆ ಆಕೆ ಹಿಂದಿರುಗಬಹುದು ಎಂಬುದು ಅದರ ಇಂಗಿತ. ಕಾನೂನಿನ ದೃಷ್ಟಿಯಿಂದ ನೋಡಿದರೆ ಇದು ನಿಜಕ್ಕೂ ಉದಾತ್ತವಾದ ವಿಧಿ. ಹೆಣ್ಣಿಗೆ ಹಕ್ಕುಂಟು ಎಂದು ಸಾಕ್ಷಿಗಳ ಮುಂದೆ ಘೋಷಿಸುವ ಮದುವೆಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಆದರೂ ಗಮನಿಸಬೇಕಾದ ಸಂಗತಿ ಬೇರೆ ಇದೆ. ಇತ್ಯರ್ಥ ಮಾಡುವವರು ಎರಡು ಒಕ್ಕಗಳ ಪರವಾಗಿ ನಿಂತ ಗಂಡಸರು. ಹಕ್ಕು ಹೆಣ್ಣಿಗೆ ಸೇರಿದ್ದಾದರೂ ಅದನ್ನು ಕೇಳುವ ಬಾಯಿ ಆಕೆಯದಲ್ಲ. ಗಂಡುಸಂತತಿ ಇಲ್ಲದ ಒಕ್ಕ ನಶಿಸದಂತೆ ಅಳಿಯನನ್ನು ಮನೆಗೆ ತಂದುಕೊಳ್ಳುವ ಒಕ್ಕಪರಿಜೆ, ಮಕ್ಕಪರಿಜೆಗಳಲ್ಲಿಯೂ ಹೆಣ್ಣು ಕೊಂಡಿಯಾಗುತ್ತಾಳೆ. ಉಳಿಯಬೇಕಾದದ್ದು ಮಾತ್ರ ಒಕ್ಕವೇ.

ಈ ವ್ಯವಸ್ಥೆಯ ಫಲವನ್ನು ಅಣ್ಣತಮ್ಮಂದಿರ ಮತ್ತು ಅಕ್ಕತಂಗಿಯರ ಬದುಕನ್ನು ಹೋಲಿಸಿ ತಿಳಿಯಬಹುದು. ಅಣ್ಣತಮ್ಮಂದಿರು ಬೆಂಗಳೂರಿನಲ್ಲಿದ್ದರೂ ದುಬೈಯಲ್ಲಿದ್ದರೂ ಕೈಲ್‌ಪೊಳ್ದಿಗೆ, ಪುತ್ತರಿ ಹಬ್ಬಕ್ಕೆ, ಪೂರ್ವಜರಿಗೆ ಎಡೆಯಿಡುವ ಕಾರಣಂಗ್ ಕೊಡುಪ ದಿನಕ್ಕೆ ಅದೇ ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಗೆ ಬರುತ್ತಾರೆ. ಅವರ ಒಗ್ಗೂಡುವಿಕೆಗೆ ಪಂಚಾಂಗವೂ ಕಟ್ಟಡವೂ ಸಿದ್ಧವಾಗಿವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವವೂ ಒಕ್ಕವನ್ನೇ ತಂಡವಾಗಿ ಎಣಿಸಿ ಇದೇ ಬಂಧವನ್ನು ಮೈದಾನಕ್ಕೆ ತಂದಿತು. ಅಕ್ಕತಂಗಿಯರ ಸ್ಥಿತಿ ಹೀಗಲ್ಲ. ನಾಲ್ವರು ಸೋದರಿಯರು ನಾಲ್ಕು ಒಕ್ಕಗಳಿಗೆ ಹೋದರೆ ಹಬ್ಬದ ದಿನ ನಾಲ್ಕು ಐನ್‌ಮನೆಗಳಲ್ಲಿ ನಾಲ್ಕು ಅಡುಗೆಮನೆಗಳ ಹೊಣೆ ಹೊರುತ್ತಾರೆ. ಅವರನ್ನು ಒಟ್ಟಿಗೆ ಕರೆತರುವುದು ತಾಮನೆಯ ಮದುವೆ ಅಥವಾ ಸಾವು. ಎರಡೂ ಮತ್ತೆ ಒಕ್ಕದ ಕಾರ್ಯಗಳೇ. ಕೊಡವ ಸಮಾಜಗಳು ಒಕ್ಕವನ್ನು ಮೀರಿದ ಸಂಸ್ಥೆಗಳಲ್ಲವೇ ಎಂದು ಕೇಳಬಹುದು. ಹೌದು, ಅವು ಊರು ಆಧಾರಿತ, ಹಲವು ಒಕ್ಕಗಳನ್ನು ಒಳಗೊಂಡವು. ಆದರೆ ಅಲ್ಲಿಗೆ ಬರುವ ಗಂಡಸು ಹುಟ್ಟಿನ ಒಕ್ಕದ ಹೆಸರು ಹೊತ್ತು ಬರುತ್ತಾನೆ, ಹೆಂಗಸು ಬಹುಮಟ್ಟಿಗೆ ಸದಸ್ಯನ ಹೆಂಡತಿಯಾಗಿ ಬರುತ್ತಾಳೆ. ಪೊಮ್ಮಕ್ಕಡ ಕೂಟದಲ್ಲಾದರೋ ಅತ್ತೆ, ಸೊಸೆ, ನಾದಿನಿಯರು ಒಂದೇ ಒಕ್ಕದವರಾಗಿದ್ದರೂ ಆ ಮೇಲುಕೀಳು ಬಿಟ್ಟು ಸದಸ್ಯೆಯರಾಗಿ ಕೂರುತ್ತಾರೆ. ಬೇರೆ ಒಕ್ಕಗಳಿಗೆ ಹೋದ ಅಕ್ಕತಂಗಿಯರು ಮತ್ತೆ ಒಂದು ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾರೆ.

ಯೆಹೂದಿಗಳಲ್ಲಿ ವಂಶದ ಲೆಕ್ಕ ಇದಕ್ಕೆ ತಿರುಗುಮುರುಗು. ಅವರ ಸಾಂಪ್ರದಾಯಿಕ ಧರ್ಮಶಾಸ್ತ್ರದ ಪ್ರಕಾರ ಯೆಹೂದಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಯೆಹೂದಿಗಳು. ಹಾಗಿದ್ದರೂ ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿಯ ಎಣಿಕೆಯಲ್ಲಿ ಸಂಪ್ರದಾಯ ಗಂಡಸರನ್ನಷ್ಟೇ ಸೇರಿಸಿತು. ಸಮುದಾಯ ಹೆಣ್ಣಿನಿಂದ ಮುಂದುವರಿಯುತ್ತದೆ, ಸಭೆ ಮಾತ್ರ ಗಂಡಿನಿಂದ ತುಂಬುತ್ತದೆ. ಈ ಬಿರುಕಿನಲ್ಲಿ ಅವರ ಮಹಿಳಾ ಮಂಡಳಿಗಳು ಹುಟ್ಟಿದವು. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ (ವಿವೇಕಾನಂದರ ಭಾಷಣದಿಂದ ನಮಗೆ ಪರಿಚಿತವಾದ ಅದೇ ಸಮ್ಮೇಳನ) ತಮ್ಮ ಸಮುದಾಯದ ಗಂಡಸರ ಕಾರ್ಯಕ್ರಮದಲ್ಲಿ ಹೆಣ್ಣುಮಕ್ಕಳ ಮಾತಿಗೆ ತಕ್ಕ ಜಾಗವಿಲ್ಲವೆಂದು ಕಂಡಾಗ ಹನ್ನಾ ಸೊಲೊಮನ್ ಪ್ರತ್ಯೇಕ ಮಹಿಳಾ ಸಮಾವೇಶ ನಡೆಸಿದರು. ಅಮೆರಿಕದ ಯೆಹೂದಿ ಮಹಿಳೆಯರ ರಾಷ್ಟ್ರೀಯ ಪರಿಷತ್ತು ಅದರಿಂದ ಹೊರಟಿತು. 1904ರಲ್ಲಿ ಬರ್ತಾ ಪಾಪೆನ್‌ಹೈಮ್ ಜರ್ಮನಿಯಲ್ಲಿ ಕಟ್ಟಿದ ಮಹಿಳಾ ಒಕ್ಕೂಟ 1938ರಲ್ಲಿ ನಾಟ್ಸಿಗಳು ವಿಸರ್ಜಿಸುವವರೆಗೂ ದುಡಿಯಿತು. ಭಾರತಕ್ಕೆ ಈ ಅಲೆ ತಡವಾಗಿ ಬರಲಿಲ್ಲ. ಕೊಂಕಣ ಕರಾವಳಿಯ, ಮರಾಠಿ ಮನೆಮಾತಿನ ಬೆನೆ ಇಸ್ರೇಲ್ ಹೆಣ್ಣುಮಕ್ಕಳು 1913ರಲ್ಲಿ ಮುಂಬಯಿಯಲ್ಲಿ ಸ್ತ್ರೀ ಮಂಡಳ ಸ್ಥಾಪಿಸಿದರು. ಆ ಸಮುದಾಯದ ಅಗ್ರಗಣ್ಯ ಶಿಕ್ಷಣತಜ್ಞೆ, ಮುಂಬಯಿಯ ಸರ್ ಎಲ್ಲಿ ಕಡೂರಿ ಶಾಲೆಯನ್ನು 1922ರಿಂದ ಸುಮಾರು ಮೂರು ದಶಕ ನಡೆಸಿದ ರೆಬೆಕಾ ರೂಬೆನ್ 1889ರಲ್ಲಿ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ.

ಆದರೆ ಕೊಡಗಿನ ಕೂಟಕ್ಕೆ ಹೆಚ್ಚು ಹತ್ತಿರದ ಸಾಕ್ಷ್ಯ ಮುಂಬಯಿಯದಲ್ಲ, ಕೊಚ್ಚಿಯದು. ಅಲ್ಲಿನ ಯೆಹೂದಿ ಹೆಣ್ಣುಮಕ್ಕಳು ಮಲಯಾಳದಲ್ಲಿ ಹಾಡುಗಳ ದೊಡ್ಡ ಪರಂಪರೆಯನ್ನು ಉಳಿಸಿಕೊಂಡಿದ್ದರು. ಮದುವೆಯಲ್ಲಿ, ಹಬ್ಬದಲ್ಲಿ ಗಂಡಸರ ಎದುರೇ ಹಾಡುತ್ತಿದ್ದರು; ಹೆಣ್ಣಿನ ಹಾಡು ಗಂಡಸರ ಕಿವಿಗೆ ಬೀಳಬಾರದೆಂಬ, ಬೇರೆಡೆ ಕಟ್ಟುನಿಟ್ಟಾಗಿದ್ದ ನಿಷೇಧ ಇಲ್ಲಿ ನಡೆಯಲಿಲ್ಲ. ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು ತಾಯಿ ಮಗಳಿಗೆ ದಾಟಿಸುತ್ತಿದ್ದಳು. ಪಿ. ಎಂ. ಜುಸ್ಸೆ, ಬಾರ್ಬರಾ ಜಾನ್ಸನ್, ಸ್ಕರಿಯಾ ಝಕರಿಯಾ, ಒಫಿರಾ ಗಮ್ಲಿಯೆಲ್ ಮುಂತಾದವರು ಈ ಪುಸ್ತಕಗಳನ್ನು ಕಲೆಹಾಕಿ ಅಧ್ಯಯನ ಮಾಡಿದಾಗ ಒಂದು ಸಂಗತಿ ಎದ್ದುಕಂಡಿತು. ಮಟ್ಟಾಂಚೇರಿಯ ಪರದೇಸಿ ಯೆಹೂದಿಗಳೂ ಮಲಬಾರಿ ಯೆಹೂದಿಗಳೂ ಪರಸ್ಪರ ಹೆಣ್ಣು ಕೊಟ್ಟು ತರುತ್ತಿರಲಿಲ್ಲ, ಅವರ ಸಿನಗಾಗುಗಳು ಬೇರೆ, ಅವರ ನಡುವಿನ ಮೇಲುಕೀಳಿನ ಜಗಳ ಶತಮಾನಗಳದು. ಹಾಗಿದ್ದೂ ಎರಡೂ ಕಡೆಯ ಹೆಣ್ಣುಮಕ್ಕಳ ಪುಸ್ತಕಗಳಲ್ಲಿ ಅವೇ ಹಾಡುಗಳು ಸಿಗುತ್ತವೆ. ಗಂಡಸರ ಸಭೆಗಳು ಕಾಯ್ದುಕೊಂಡ ಗೋಡೆಯನ್ನು ಹೆಣ್ಣುಮಕ್ಕಳ ಹಾಡು ದಾಟಿತ್ತು.

ಕೊಡವ ಹೆಣ್ಣುಮಕ್ಕಳ ಕುಣಿತವಾದ ಉಮ್ಮತ್ತಾಟನ್ನು ಈ ಬೆಳಕಿನಲ್ಲಿ ನೋಡಬೇಕೆಂದು ನನ್ನ ಕೋರಿಕೆ. ಮಂದ್‌ನಲ್ಲಿ ನಡೆಯುವ ಕೋಲಾಟ್, ಬೊಳಕಾಟ್‌ಗಳು ಪರಂಪರೆಯಲ್ಲಿ ಗಂಡಸರವು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹವಾದ ಹಾಡುಗಳಲ್ಲಿ ದೊಡ್ಡ ಪಾಲು ದುಡಿ ಹಿಡಿದ ನಾಲ್ವರು ಗಂಡಸರು ಹಾಡುವಂಥವು. ಉಮ್ಮತ್ತಾಟ್ ಮಾತ್ರ ಹೆಣ್ಣುಮಕ್ಕಳದು: ಹಿಂದಕ್ಕೆ ನೆರಿಗೆ ಬಿಟ್ಟ ಕೊಡವ ಸೀರೆ, ಕೈಯಲ್ಲಿ ಹಿತ್ತಾಳೆಯ ತಾಳ, ನಡುವೆ ದೀಪ, ಸುತ್ತ ವೃತ್ತ, ಬಾಯಲ್ಲಿ ಕಾವೇರಮ್ಮೆಯ ಸ್ತುತಿ. ಈ ಕುಣಿತವನ್ನು ಮತ್ತೆ ಚಾಲ್ತಿಗೆ ತಂದು ತಲೆಮಾರುಗಳಿಗೆ ಕಲಿಸಿದವರಲ್ಲಿ ಪ್ರಮುಖರಾದ ಐಮುಡಿಯಂಡ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇದನ್ನು ವೇದಿಕೆಯ ಕಲೆ ಎಂದಷ್ಟೇ ಕಂಡರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ವೃತ್ತ ತುಂಬಲು ಒಂದು ಮನೆಯ ಹೆಂಗಸರು ಸಾಲುವುದಿಲ್ಲ. ತಾಳ ಒಂದಾಗಲು ಬೇರೆಬೇರೆ ಒಕ್ಕದ ಸೊಸೆಯರು ವಾರಗಟ್ಟಲೆ ಒಂದೆಡೆ ಸೇರಿ ಅಭ್ಯಾಸ ಮಾಡಬೇಕು, ಹಾಡು ಗೊತ್ತಿಲ್ಲದವಳಿಗೆ ಗೊತ್ತಿದ್ದವಳು ಹೇಳಿಕೊಡಬೇಕು, ಪಟ್ಟಣದಲ್ಲಿ ಬೆಳೆದು ಕೊಡವ ತಕ್ಕ್ (ಕೊಡವ ಭಾಷೆ) ಮರೆತ ಹುಡುಗಿ ಆ ಪದಗಳನ್ನು ಬಾಯಿಗೆ ತಂದುಕೊಳ್ಳಬೇಕು. ಕೊಡವ ಭಾಷಿಕರ ಸಂಖ್ಯೆ 2001ರ ಜನಗಣತಿಯಲ್ಲಿ 1,66,187 ಇದ್ದದ್ದು 2011ರಲ್ಲಿ 1,13,857ಕ್ಕೆ ಇಳಿದಿದೆ. ಇಂಥ ಹೊತ್ತಿನಲ್ಲಿ ಆ ಅಭ್ಯಾಸದ ಸಂಜೆಗಳು ಭಾಷೆಯ ಪಾಠಶಾಲೆಗಳೂ ಹೌದು. ಮಡಿಕೇರಿಯಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಕೊಡವ ಸಾಹಿತ್ಯ ಅಕಾಡೆಮಿ ಕೂಟಗಳ ನಡಾವಳಿ ಪುಸ್ತಕಗಳನ್ನೂ ಹಾಡು ಬರೆದಿಟ್ಟ ನೋಟುಬುಕ್ಕುಗಳನ್ನೂ ಈಗಲೇ ಸಂಗ್ರಹಿಸಬೇಕು. ಕೊಚ್ಚಿಯ ಪುಸ್ತಕಗಳು ಸಂಶೋಧಕರ ಕೈಗೆ ಸಿಗುವ ಹೊತ್ತಿಗೆ ಹಾಡುವವರಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋಗಿಯಾಗಿತ್ತು.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಕೊಡಗಿನಲ್ಲಿ ಬಹಳ ಪ್ರಚಲಿತವಾದದ್ದು: ಕೊಡವತಿಗೆ ಪ್ರತ್ಯೇಕ ಸಂಘಟನೆ ಏಕೆ ಬೇಕು? ವರದಕ್ಷಿಣೆಯ ಪದ್ಧತಿಯಿಲ್ಲ, ವಿಧವೆಗೆ ಮರುಮದುವೆ ಹಿಂದಿನಿಂದಲೂ ಒಪ್ಪಿತ, ವಿದ್ಯೆಯಲ್ಲಿ ಹೆಣ್ಣುಮಕ್ಕಳು ಹಿಂದೆ ಬಿದ್ದಿಲ್ಲ. 2011ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರೆಂಬುದನ್ನೂ ಇದರ ಜೊತೆಗೆ ಹೇಳುವುದುಂಟು, ಆ ಅಂಕಿ ಇಡೀ ಜಿಲ್ಲೆಯದೇ ಹೊರತು ಕೊಡವರೊಬ್ಬರದಲ್ಲ ಎಂಬುದನ್ನು ಮರೆತು. ಉಳಿದ ಮಾತುಗಳು ನಿಜ. ಆದರೆ ಅವು ಒಕ್ಕದೊಳಗೆ ಹೆಣ್ಣಿಗಿರುವ ಮರ್ಯಾದೆಯನ್ನು ಹೇಳುತ್ತವೆ, ಒಕ್ಕದ ಹೊರಗೆ ಆಕೆಗೊಂದು ದನಿ ಇದೆಯೇ ಎಂಬುದನ್ನಲ್ಲ. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿ, ಮಡಿಕೇರಿಯ ಸಂತ ಜೋಸೆಫರ ಬಾಲಕಿಯರ ಶಾಲೆಯಲ್ಲಿ ಓದಿದ ಸಿ. ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದ ಅಪ್ಪಣೆ ಪಡೆಯಬೇಕೆಂದೂ, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ರಾಜೀನಾಮೆ ಕೊಡಬೇಕಾಗಬಹುದೆಂದೂ ಹೇಳುತ್ತಿದ್ದ ನಿಯಮಗಳ ವಿರುದ್ಧ ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಆಕ್ಷೇಪಕರು ಮುತ್ತಮ್ಮನವರನ್ನು ತಮ್ಮ ಪರವಾದ ಸಾಕ್ಷಿಯಾಗಿ ಕರೆಯುತ್ತಾರೆ. ನನಗೆ ಆಕೆ ಮತ್ತೊಂದು ಕಡೆಯ ಸಾಕ್ಷಿ. ಅಷ್ಟು ಓದಿದ, ಅಷ್ಟು ಧೈರ್ಯದ ಹೆಣ್ಣುಮಗಳೂ ಆ ಮೊಕದ್ದಮೆಯನ್ನು ತನ್ನೊಬ್ಬಳ ಹೆಸರಿನಲ್ಲಿ ಹೂಡಬೇಕಾಯಿತು. ಒಬ್ಬೊಬ್ಬರು ಏರಿದ ಎತ್ತರವನ್ನು ಕೂಡಿಸಿದರೆ ಸಂಸ್ಥೆ ಆಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಕೂಟಗಳು ಪರಂಪರೆ ಕಾಯುವ ಹೆಸರಿನಲ್ಲಿ ಬೇಲಿಯನ್ನೇ ಬಿಗಿಗೊಳಿಸುತ್ತವೆ, ಹೊರಗೆ ಮದುವೆಯಾದ ಹೆಣ್ಣುಮಕ್ಕಳನ್ನು ದೂರವಿಡಲು ನೆರವಾಗುತ್ತವೆ ಎಂಬುದು ಅದರ ಸಾರ. ಕೊಡವ ಗಂಡು ಹೊರಗಿನ ಹೆಣ್ಣನ್ನು ತಂದರೆ ಆತನ ಮಕ್ಕಳಿಗೆ ಒಕ್ಕದ ಹೆಸರಾದರೂ ಉಳಿಯುತ್ತದೆ. ಹೆಣ್ಣು ಹೊರಗೆ ಹೋದರೆ ಆಕೆಯ ಮಕ್ಕಳಿಗೆ ಅದೂ ಇಲ್ಲ. ಕೊಡವ ಪದ್ಧತಿಯಲ್ಲಿ ಅಂಥ ಮದುವೆ ನಡೆಸಬಹುದೇ ಎಂಬುದು ಇಂದಿಗೂ ಬಿಸಿಬಿಸಿ ಚರ್ಚೆಯ ವಿಷಯ. ಯೆಹೂದಿ ಚರಿತ್ರೆ ಇಲ್ಲಿ ಎಚ್ಚರಿಕೆಯಾಗಿ ನಿಲ್ಲುತ್ತದೆ. 1962ರಲ್ಲಿ ಇಸ್ರೇಲಿನ ಪ್ರಧಾನ ಧರ್ಮಗುರುಗಳು ಬೆನೆ ಇಸ್ರೇಲರು ಇತರ ಯೆಹೂದಿಗಳನ್ನು ಮದುವೆಯಾಗಬೇಕಾದರೆ ಅವರ ತಾಯಿ, ಅಜ್ಜಿಯರ ಮೂಲವನ್ನು ವಿಚಾರಿಸಬೇಕೆಂದು ಆದೇಶಿಸಿದರು. ವಂಶ ಶುದ್ಧಿಯನ್ನು ಸಾಬೀತುಪಡಿಸುವ ಹೊರೆ ಸತ್ತುಹೋದ ಅಜ್ಜಿಯರ ಮೇಲೂ ಬಿತ್ತು. ಧರಣಿ, ಪ್ರತಿಭಟನೆಗಳು ನಡೆದು, 1964ರಲ್ಲಿ ಇಸ್ರೇಲಿನ ಸಂಸತ್ತು ಅವರು ಎಲ್ಲ ವಿಷಯದಲ್ಲೂ ಸಮಾನ ಯೆಹೂದಿಗಳೆಂದು ಸಾರಿದ ಮೇಲೆ ಆ ಆದೇಶ ಹಿಂದೆ ಸರಿಯಿತು. ತಾಯಿಯಿಂದ ವಂಶ ಎಣಿಸುವಲ್ಲೂ ತಂದೆಯಿಂದ ಎಣಿಸುವಲ್ಲೂ ಕೊನೆಗೆ ತಪಾಸಣೆಗೆ ಸಿಗುವುದು ಹೆಣ್ಣೇ ಎಂಬ ಈ ಸಾಮ್ಯ ನೋವಿನದು.

ಕೂಟಗಳು ಈ ತಪಾಸಣೆಯ ಕೈಗಳಾಗಬಲ್ಲವು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಹಾಗಾಗಲೇಬೇಕೆಂಬ ಕಟ್ಟಳೆ ಅವುಗಳ ರಚನೆಯಲ್ಲಿಲ್ಲ, ಒಕ್ಕದ ರಚನೆಯಲ್ಲಿದೆ. ಒಕ್ಕ ಹೊರಗೆ ಹೋದ ಮಗಳನ್ನು ಹೇಗೆ ಎಣಿಸಬೇಕೆಂದು ಯೋಚಿಸಲು ಕುಳಿತರೆ ಭೂಮಿ, ಹೆಸರು, ಕಾರಣವರ ಪೂಜೆ ಎಲ್ಲವೂ ಅಡ್ಡ ಬರುತ್ತವೆ. ಕೂಟಕ್ಕೆ ಹಂಚಿಕೊಡಬೇಕಾದ ಗದ್ದೆಯಿಲ್ಲ, ಕಾಯಬೇಕಾದ ಮೀದಿಯಿಲ್ಲ. ಕೊಡಗಿನ ಪತ್ರಿಕೆಗಳ ನಿಧನವಾರ್ತೆಗಳಲ್ಲಿ, ಮದುವೆಯ ಕರೆಯೋಲೆಗಳಲ್ಲಿ ಹೆಣ್ಣಿನ ಹೆಸರಿನ ಜೊತೆ ಗಂಡನ ಒಕ್ಕವನ್ನೂ ‘ತಾಮನೆ’ ಎಂದು ಹುಟ್ಟಿದ ಒಕ್ಕವನ್ನೂ ನಮೂದಿಸುವ ರೂಢಿ ಆಗಲೇ ಇದೆ. ಮದುವೆಯ ವಿಧಿ ಒಂದು ಹರಳನ್ನು ಉಳಿಸಿಕೊಂಡು ಒಪ್ಪುವ ತಾಮನೆಯ ನಂಟು ಇದೇ; ಮಗಳು ಎಲ್ಲಿಗೇ ಹೋಗಲಿ, ಅದು ಅಳಿಯಬೇಕೆಂದು ವಿಧಿ ಎಲ್ಲೂ ಹೇಳುವುದಿಲ್ಲ. ಸದಸ್ಯತ್ವದ ಪಟ್ಟಿಯಲ್ಲಿ ಗಂಡನ ಒಕ್ಕದ ಬದಲು ತಾಮನೆಯನ್ನು ಆಧಾರವಾಗಿಟ್ಟರೆ, ಬೆಂಗಳೂರಿನಲ್ಲಿ ಬೇರೆ ಜಾತಿಯವನನ್ನು ಮದುವೆಯಾದ ಕೊಡವತಿ ಯಾರ ಅಪ್ಪಣೆಯೂ ಬೇಡದೆ ಕೂಟದ ಸದಸ್ಯೆಯಾಗುತ್ತಾಳೆ. ಕೊಡವನನ್ನು ಮದುವೆಯಾಗಿ ಬಂದ ಹೊರಗಿನ ಹೆಣ್ಣುಮಗಳಿಗೆ ಗಂಡನ ಒಕ್ಕದ ಹೆಸರಿನಲ್ಲಿ ಈಗಿರುವ ಬಾಗಿಲು ಹಾಗೆಯೇ ತೆರೆದಿರುತ್ತದೆ. ಇದಕ್ಕೆ ಯಾವ ಒಕ್ಕದ ಒಪ್ಪಿಗೆಯೂ ಬೇಕಿಲ್ಲ, ಯಾವ ಐನ್‌ಮನೆಯ ಕಟ್ಟಳೆಯೂ ಮುರಿಯುವುದಿಲ್ಲ. ಕೂಟದ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯೆಯರೇ ಕೈಯೆತ್ತಿ ತೀರ್ಮಾನಿಸಬಹುದಾದ ನಿಯಮ ಅದು.