ಹದಿನಾಲ್ಕು ಎಂದರೆ ಯಾವ ಹಲ್ಲು?

ಅಮೆರಿಕದಲ್ಲಿ ನೆಲೆಸಿದ ಮಲಯಾಳಿಯೊಬ್ಬರು ರಜೆಗೆಂದು ಊರಿಗೆ ಬಂದಾಗ ಅಲ್ಲಿ ಅರ್ಧಕ್ಕೆ ನಿಂತ ರೂಟ್ ಕೆನಾಲ್ ಚಿಕಿತ್ಸೆಯನ್ನು ಕೊಚ್ಚಿಯಲ್ಲಿ ಮುಗಿಸಿಕೊಳ್ಳಲು ಬಯಸಿದರು ಎನ್ನೋಣ. ಕೈಯಲ್ಲಿರುವ ಚೀಟಿಯಲ್ಲಿ ಹಲ್ಲಿನ ಸಂಖ್ಯೆ 14 ಎಂದಿದೆ. ಅಮೆರಿಕದ ಲೆಕ್ಕದಲ್ಲಿ ಅದು ಮೇಲಿನ ಎಡಬದಿಯ ಮೊದಲ ದವಡೆಹಲ್ಲು. ಭಾರತದಲ್ಲಿ ಹೆಚ್ಚಾಗಿ ಬಳಸುವ ಲೆಕ್ಕದಲ್ಲಿ ಮೇಲಿನ ಬಲಬದಿಯ ಕೋರೆಹಲ್ಲಿನ ಹಿಂದಿನ ಹಲ್ಲು. ಬಾಯಿಯ ಬದಿಯೇ ಬದಲಾಯಿತು.

ಈ ಗೊಂದಲಕ್ಕೆ ನೂರೈವತ್ತು ವರ್ಷ ದಾಟಿದ ಇತಿಹಾಸವಿದೆ. 1861ರಲ್ಲಿ ವಿಯೆನ್ನಾದ ಅಡಾಲ್ಫ್ ಜಿಗ್ಮೊಂಡಿ ಬಾಯಿಯನ್ನು ಕೂಡುಗೆರೆಯಿಂದ ನಾಲ್ಕು ಭಾಗ ಮಾಡಿ, ನಡುವಿನಿಂದ ಹಿಂದಕ್ಕೆ 1ರಿಂದ 8ರವರೆಗೆ ಎಣಿಸಿದರು. 1870ರಲ್ಲಿ ಅಮೆರಿಕದ ಕಾರಿಡನ್ ಪಾಮರ್ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಕೈಬರಹಕ್ಕೆ ಇದು ಸಲೀಸು. ಆದರೆ ಮೂಲೆಗೆರೆಯ ಆ ಚಿಹ್ನೆಯನ್ನು ಬೆರಳಚ್ಚು ಯಂತ್ರದಲ್ಲಿ ಹೊಡೆಯುವುದು ಕಷ್ಟ. 1882ರಲ್ಲಿ ಜರ್ಮನಿಯ ಯೂಲಿಯಸ್ ಪಾರೈಟ್ 1ರಿಂದ 32ರವರೆಗಿನ ನೇರ ಎಣಿಕೆಯನ್ನು ಸೂಚಿಸಿದರು. ಅಮೆರಿಕದ ದಂತವೈದ್ಯರ ಸಂಘ 1968ರಲ್ಲಿ ಒಪ್ಪಿಕೊಂಡದ್ದು ಆ ಬಗೆಯ ಎಣಿಕೆಯನ್ನು.

ಎರಡು ವರ್ಷಗಳ ನಂತರ, 1970ರಲ್ಲಿ, ಬುಕಾರೆಸ್ಟ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ದಂತವೈದ್ಯ ಒಕ್ಕೂಟ ಎರಡಂಕಿ ಪದ್ಧತಿಯನ್ನು ಆಯ್ದುಕೊಂಡಿತು. ಮೊದಲ ಅಂಕಿ ಬಾಯಿಯ ಭಾಗ, ಎರಡನೆಯದು ಹಲ್ಲು. ಕಲಿಸಲು ಸುಲಭವಾಗಿರಬೇಕು, ಬಾಯಿಮಾತಲ್ಲಿ ಹೇಳಿ ಬರೆಸುವಂತಿರಬೇಕು, ಅಚ್ಚಿಗೂ ಕಂಪ್ಯೂಟರಿಗೂ ಒಗ್ಗಬೇಕು ಎಂಬುದು ಉದ್ದೇಶ. ಅದಕ್ಕೇ 36 ಅನ್ನು ‘ಮೂವತ್ತಾರು’ ಎನ್ನದೆ ‘ಮೂರು, ಆರು’ ಎಂದು ಬಿಡಿಬಿಡಿಯಾಗಿ ಓದಬೇಕು. ಮೂರು ಎಂದರೆ ಕೆಳಗಿನ ಎಡಭಾಗ, ಆರು ಎಂದರೆ ಮೊದಲ ದವಡೆಹಲ್ಲು. ಅಮೆರಿಕದಲ್ಲಿ ಇದೇ ಹಲ್ಲು 19.

ತಿರುವನಂತಪುರದ ಸರ್ಕಾರಿ ದಂತ ಕಾಲೇಜು 1959ರಲ್ಲಿ ಆರಂಭವಾದಾಗ ಎರಡಂಕಿ ಪದ್ಧತಿ ಇನ್ನೂ ಬಂದಿರಲಿಲ್ಲ. ಅದೇ ನಗರದಲ್ಲಿ 1990ರಲ್ಲಿ ಟೆಕ್ನೋಪಾರ್ಕ್, ಕೊಚ್ಚಿಯಲ್ಲಿ 2004ರಲ್ಲಿ ಇನ್ಫೋಪಾರ್ಕ್ ತಲೆಯೆತ್ತಿದವು. ವಿದೇಶದ ವೈದ್ಯರು ಧ್ವನಿಮುದ್ರಿಸಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕೆಲಸವೂ ಕೇರಳಕ್ಕೆ ಬಂತು. ಇಂಥ ಕೆಲಸದಲ್ಲಿ ಸಂಖ್ಯೆಯಷ್ಟೇ ಕಿವಿಯೂ ಮೋಸ ಮಾಡುತ್ತದೆ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಕೇಳಲು ಹತ್ತಿರ. ಆದರೆ ಬೇರುನಾಳ ಶುಚಿಗೊಳಿಸುವ 15ನೇ ನಂಬರಿನ ಫೈಲ್‌ನ ತುದಿ 0.15 ಮಿಲಿಮೀಟರ್, 50ರದ್ದು 0.50. ‘ಪೆರಿಏಪಿಕಲ್’ ಎಂದರೆ ಬೇರಿನ ತುದಿಯ ಸುತ್ತ. ‘ಪೆರಿಯೊಡಾಂಟಲ್’ ಎಂದರೆ ಹಲ್ಲನ್ನು ಹಿಡಿದಿಟ್ಟ ವಸಡು, ಮೂಳೆಗಳಿಗೆ ಸಂಬಂಧಿಸಿದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ರೋಗವೇ ಬೇರೆಯಾಗುತ್ತದೆ.

ಹೀಗಾಗಿ ಚಿಕಿತ್ಸೆಯ ದಾಖಲೆ ತಿದ್ದುವವರಿಗೆ ಪತ್ರಿಕೆಯ ಸಂಪಾದಕರಿಗಿರುವ ಸ್ವಾತಂತ್ರ್ಯವಿಲ್ಲ. ಕೇಳಿಸದ ಪದವನ್ನು ಊಹಿಸಿ ತುಂಬುವಂತಿಲ್ಲ. ಜಾಗ ಬಿಟ್ಟು, ಗುರುತು ಹಾಕಿ, ವೈದ್ಯರನ್ನೇ ಕೇಳಬೇಕು. ಕಾಗದದ ಕಡತದಲ್ಲಿ ತಪ್ಪನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ದಿನಾಂಕದೊಂದಿಗೆ ಸಹಿ ಮಾಡಬೇಕು.

ತಪ್ಪು ಹಲ್ಲನ್ನು ಕೊರೆದು ಒಳಗಿನ ಜೀವಂತ ತಿರುಳನ್ನು ತೆಗೆದರೆ ಅದು ಮತ್ತೆ ಬೆಳೆಯುವುದಿಲ್ಲ. ಕೊಚ್ಚಿಯ ಆ ರೋಗಿಯ ಚೀಟಿಯಲ್ಲಿ 14ರ ಪಕ್ಕ ‘ಮೇಲಿನ ಎಡ ಮೊದಲ ದವಡೆಹಲ್ಲು’ ಎಂಬ ನಾಲ್ಕು ಪದಗಳಿದ್ದರೆ ಯಾವ ಪದ್ಧತಿ ಎಂದು ಯಾರೂ ಕೇಳಬೇಕಿರಲಿಲ್ಲ.